ಪತ್ತಾರರ ತಕ್ಕಡಿ, ಸರ್ಕಾರದ ಬಟ್ಟು

2016ರ ಕೇಂದ್ರ ಬಜೆಟ್‌ನಲ್ಲಿ ಆಗಿನ ಹಣಕಾಸು ಸಚಿವ ಅರುಣ್ ಜೇಟ್ಲಿ ಚಿನ್ನಾಭರಣಕ್ಕೆ ಶೇ 1 ಅಬಕಾರಿ ಸುಂಕ ಹಾಕಿದರು. ಅಬಕಾರಿಯೆಂದರೆ ಸೆರೆ ಅಂಗಡಿಯ ಬಾಬತ್ತು ಎಂದುಕೊಂಡಿದ್ದ ಖಾನಾಪುರದಂಥ ಪೇಟೆಗೆ ಇದು ಹೊಸ ಅಮಲು. ಸುಂಕದವರ ಮುಂದೆ ಸುಖದುಃಖ ಹೇಳಲು ದೇಶದ ಸರಾಫರು ವಾರಗಟ್ಟಲೆ ಅಂಗಡಿ ಮುಚ್ಚಿದರು. ಸಣ್ಣವರಿಗೆ ವಿನಾಯಿತಿಯಿತ್ತು, ಅವರಿಗೆ ಅಂಜಿಕೆ ಸುಂಕದ್ದಲ್ಲ, ಲೆಕ್ಕದ ಪುಸ್ತಕದ್ದು.

“ಪತ್ತಾರರ, ಸರ್ಕಾರ ಕೇಳಿದ್ದು ನಿಮ್ಮನ್ನ. ನನ್ನ ಬಿಲ್ಲಿನ್ಯಾಗ ಯಾಕ ಬಂತು?”

“ಸುಂಕ ನೀರಿದ್ದಂಗ್ರೀ ಅಕ್ಕಾರ. ಇಳಜಾರಿಗೇ ಹರೀತೈತಿ.”

“ಬಿಲ್ಲ ಬ್ಯಾಡಂದ್ರ?”

“ಸುಂಕ ಇಲ್ಲ. ನಾಳೆ ತಾಮ್ರ ಹೆಚ್ಚಾಗೇತಿ ಅಂತ ಬಂದ್ರ, ನನಗ ನಿಮ್ಮ ಗುರುತೂ ಇಲ್ಲ.”

2017ರ ಜುಲೈ 1ರಿಂದ ಈ ಸುಂಕ ಜಿಎಸ್‌ಟಿಯಲ್ಲಿ ಕರಗಿತು. ದರ ಶೇ 3. ಒಂದು ಲಕ್ಷದ ಬೋರಮಾಳಕ್ಕೆ 3,000 ರೂಪಾಯಿ. ಹಳೆಯ ಪಾಟ್ಲಿ ಕೊಟ್ಟು ಒಯ್ದರೂ ತೆರಿಗೆ ಹೊಸದರ ಪೂರ್ತಿ ಬೆಲೆಗೇ.

“ನಮ್ಮವ್ವನ ಪಾಟ್ಲಿಗೆ ಲೆಕ್ಕಾನ ಇಲ್ಲೇನ್ರೀ?”

“ತೂಕಕ್ಕ ಐತ್ರಿ, ತೆರಿಗಿಗೆ ಇಲ್ಲ.”

“ಹಂಗಾದ್ರ ಪಾಟ್ಲೀನ ಕರಗಿಸಿ ಬೋರಮಾಳ ಮಾಡ್ರಿ.”

ಹಾಗೆ ಮಾಡಿಸಿದರೆ ತೆರಿಗೆ ಮಜೂರಿಗೆ ಮಾತ್ರ. ಪತ್ತಾರರು ಪಾಟ್ಲಿಯನ್ನು ಒರೆಗಲ್ಲಿಗೆ ತಿಕ್ಕಿ, ಗೆರೆಯನ್ನು ಬೆಳಕಿಗೆ ಹಿಡಿದು ನೋಡಿ, ಮಜೂರಿಯನ್ನು ಅಲ್ಲೇ ಏರಿಸಿದರು.