ಖಟಕ್ ಅನ್ನೋದಕ್ಕೆ ಎಷ್ಟು?

ಮಂಡ್ಯ ಸೀಮೆಯ ಮದುವೆ ಮನೇಲಿ ಕ್ಯಾಮೆರಾ ಸದ್ದು ಮಾಡದಿದ್ದರೆ ಪಟ ಬಿತ್ತು ಅಂತ ಯಾರೂ ನಂಬೋದಿಲ್ಲ. ಮದ್ದೂರಿನ ಛತ್ರದಲ್ಲಿ ಹೊಸ ಮಿರರ್‌ಲೆಸ್ (ಕನ್ನಡಿಯಿಲ್ಲದ) ಕ್ಯಾಮೆರಾ ಹಿಡಿದ ಹುಡುಗನನ್ನು ಅಜ್ಜಿಯೊಬ್ಬರು ಗದರಿದರು:

"ಯಾಕ್ಲಾ ಮಗ, ಸುಮ್ನೆ ನಿಂತಿದ್ದೀಯ? ಹೊಡಿ."

"ಹೊಡ್ದಾಯ್ತು ಕಣಜ್ಜಿ, ಹತ್ತು ಪಟ."

"ಸುಳ್ ಹೇಳ್ಬ್ಯಾಡ ಕಣ್ಲಾ."

ಮೆನು ಹುಡುಕಿ ಸ್ಪೀಕರಿನಿಂದ ಹುಸಿ ಸದ್ದು ಹಾಕಿದ ಮೇಲೇ ಅಜ್ಜಿ ನಕ್ಕಿದ್ದು.

ಅಸಲಿ ಸದ್ದು ದುಬಾರಿ ಬಾಬ್ತು. ಡಿಎಸ್‌ಎಲ್‌ಆರ್‌ನಲ್ಲಿ ಒಂದೊಂದು ಪಟಕ್ಕೂ ಕನ್ನಡಿ ಏಳಬೇಕು, ಶಟರಿನ ಒಂದು ಪರದೆ ತೆರೆಯಬೇಕು, ಇನ್ನೊಂದು ಬಂದು ಮುಚ್ಚಬೇಕು, ಕನ್ನಡಿ ಮತ್ತೆ ಮಲಗಬೇಕು. ಅಷ್ಟೂ ಕಣ್ಣು ಮಿಟುಕಿಸೋದರೊಳಗೆ. ನಿಕಾನ್ ಡಿ850ರ ಶಟರನ್ನು ಪರೀಕ್ಷಿಸಿರೋದು 2 ಲಕ್ಷ ಬಡಿತಕ್ಕೆ. ಮದುವೆಗೆ 3,000 ಹೊಡೆಯೋನಿಗೆ 66 ಮದುವೆ, ಆಮೇಲೆ ದೇವರಿದ್ದಾನೆ! ಅದಕ್ಕೇ ಸೆಕೆಂಡ್ ಹ್ಯಾಂಡ್ ಕೊಳ್ಳೋರು ದನದ ಜಾತ್ರೇಲಿ ಎತ್ತಿನ ಹಲ್ಲು ಎಣಿಸಿದಂಗೆ ಮೊದಲು ಶಟರ್ ಕೌಂಟ್ ಕೇಳ್ತಾರೆ.

2021ರಲ್ಲಿ ನಿಕಾನ್ ಜೆಡ್9 ಆ ಶಟರನ್ನೇ ಕಿತ್ತು ಹಾಕಿತು. ಅಗ್ಗವಾಯಿತೇ? ಎಲ್ಲಿಂದ! ಅದರ ಕೆಲಸ ಮಾಡಲು ಬಲು ಚುರುಕಾದ, ಅಷ್ಟೇ ದುಬಾರಿಯಾದ ಸೆನ್ಸರ್ ಬೇಕಾಯಿತು. ಇಂಥ ವಿಚಿತ್ರ ಇನ್ನೂ ಇವೆ. 2004ರ ಡಿಜಿಟಲ್ ಕ್ಯಾಮೆರಾ ಎಪ್ಸನ್ ಆರ್-ಡಿ1ರಲ್ಲಿ ರೀಲೇ ಇಲ್ಲ, ಆದರೂ ಪ್ರತಿ ಪಟಕ್ಕೂ ಲಿವರ್ ಎಳೀಬೇಕು. ಲೈಕಾದವರಂತೂ 2016ರಲ್ಲಿ ಬೆನ್ನಿನ ಸ್ಕ್ರೀನನ್ನೇ ತೆಗೆದು ಎಂ-ಡಿ ಮಾಡಿ, ಸ್ಕ್ರೀನಿದ್ದ ಅದರ ಜೋಡಿ ಮಾಡೆಲ್‌ಗಿಂತ ಜಾಸ್ತಿ ಬೆಲೆ ಇಟ್ಟರು. ಇದಪ್ಪಾ ವ್ಯಾಪಾರ!

ಹಕ್ಕಿ ಫೋಟೊಕ್ಕೆ ಸದ್ದಿಲ್ಲದ್ದೇ ಬೇಕು ಅನ್ನೋರು ಕೊಕ್ಕರೆ ಬೆಳ್ಳೂರಿಗೆ ಬರಲಿ. ಊರೊಳಗಿನ ಮರದಲ್ಲೇ ಬಾಣಂತನ ಮುಗಿಸೋ ಕೊಕ್ಕರೆ ಟ್ರ್ಯಾಕ್ಟರಿಗೇ ಬೆದರೋದಿಲ್ಲ. ಇನ್ನು ಮಳವಳ್ಳಿ ಕಡೆಯ ಗಗನಚುಕ್ಕಿ ಜಲಪಾತ ಭೋರ್ಗರೆಯುವಾಗ ಯಾವ ಕ್ಯಾಮೆರಾ ಖಟಕ್ ಅಂದರೂ ಕೇಳಿಸೋದು ಕೊಂಡವನ ಜೇಬಿಗೆ ಮಾತ್ರ.