ಸ್ಪ್ಲಿಟ್ ರಾಯರು

ಅಪಾರ್ಟ್‌ಮೆಂಟ್ ಜಿಮ್ಮಿಗೆ ಬರುವವರಲ್ಲಿ ಬಹುಪಾಲು ಜನ ನಿರುಪದ್ರವಿಗಳು. ಟ್ರೆಡ್‌ಮಿಲ್ ಮೇಲೆ ನಡೆಯುತ್ತಲೇ ಷೇರು ಮಾರುವವರು, ಸೈಕಲ್ ಸೀಟಿನ ಮೇಲೆ ಕೂತು ಪೇಪರ್ ಓದಿ ಮುಗಿಸುವವರು, ಡಂಬೆಲ್ ಎತ್ತುವುದಕ್ಕಿಂತ ಹೆಚ್ಚು ಹೊತ್ತು ಕನ್ನಡಿಯಲ್ಲಿ ತೋಳು ನೋಡಿಕೊಳ್ಳುವ ಹುಡುಗರು, ಡಾಕ್ಟರು ಹೇಳಿದರೆಂದು ಬಂದು ಡಾಕ್ಟರನ್ನೇ ಬೈದುಕೊಂಡು ಹೋಗುವ ನನ್ನಂಥವರು. ಇವರಿಂದ ಯಾರಿಗೂ ತೊಂದರೆಯಿಲ್ಲ. ತೊಂದರೆ ಇರುವುದು ಗುರಿ ಇಟ್ಟುಕೊಂಡವರಿಂದ. ತೂಕ ಇಳಿಸಬೇಕು, ಶುಗರ್ ಇಳಿಸಬೇಕು ಅನ್ನುವ ಮಬ್ಬು ಗುರಿಯ ಮಾತಲ್ಲ. ಅದು ನಮಗೆಲ್ಲ ಇದೆ, ಇದ್ದೂ ಏನೂ ಆಗಿಲ್ಲ. ದಶಮಾಂಶ ಬಿಂದುವಿನ ಆಚೆಗೂ ಅಂಕಿಯಿರುವ, ಕೊನೆಯ ತಾರೀಖು ಇರುವ, ಅಕ್ಕಪಕ್ಕದ ಮನೆಯವರಿಗೆಲ್ಲ ಬಾಯಿಪಾಠವಾಗಿರುವ ಗುರಿಯ ಮಾತು ಹೇಳುತ್ತಿದ್ದೇನೆ.

ಈ ಗುರಿಗಾರರಲ್ಲೇ ಉಗ್ರ ಪಂಗಡ ರೋಯಿಂಗ್ ಮಷಿನ್ನಿನವರದು. ಟ್ರೆಡ್‌ಮಿಲ್ಲಿನವನು ಮನಸ್ಸು ಮಾಡಿದರೆ ಹೊರಗೆ ಹೋಗಿ ರಸ್ತೆಯಲ್ಲೂ ಓಡಬಲ್ಲ. ರೋಯಿಂಗಿನವನು ನೀರಿಲ್ಲದೆ, ದೋಣಿಯಿಲ್ಲದೆ, ಬೇಸ್‌ಮೆಂಟಿನಲ್ಲಿ ಹಿಂದಕ್ಕೂ ಮುಂದಕ್ಕೂ ಜಾರುತ್ತಾ ಎರಡು ಸಾವಿರ ಮೀಟರ್ ಹುಟ್ಟು ಹಾಕಿ, ಹತ್ತಿದ ಜಾಗದಲ್ಲೇ ಇಳಿಯುತ್ತಾನೆ. ಇಳಿದವನ ಮುಖದಲ್ಲಿ ಸಮುದ್ರ ದಾಟಿ ಬಂದ ಕಳೆ ಇರುತ್ತದೆ.

ನಮ್ಮ ಬ್ಲಾಕಿನಲ್ಲಿರುವ ಅಂಥವರೊಬ್ಬರಿಗೆ ಹುಡುಗರು ಇಟ್ಟ ಹೆಸರು ಸ್ಪ್ಲಿಟ್ ರಾಯರು. ಐನೂರು ಮೀಟರ್ ಎಳೆಯಲು ಹಿಡಿಯುವ ಹೊತ್ತಿಗೆ ಆ ಮಷಿನ್ನಿನ ಭಾಷೆಯಲ್ಲಿ ಸ್ಪ್ಲಿಟ್ ಅನ್ನುತ್ತಾರೆ. ಬೇರೆಯವರು ಲಿಫ್ಟಿನಲ್ಲಿ ಸಿಕ್ಕರೆ ಮಳೆಯ ಮಾತಾಡುತ್ತಾರೆ. ರಾಯರು ಮೂರನೇ ಮಹಡಿಯಿಂದ ನೆಲಕ್ಕೆ ಬರುವುದರೊಳಗೆ "ಎರಡು ಹದಿನೆಂಟು ಪಾಯಿಂಟ್ ನಾಲ್ಕು" ಎಂದು ಹೇಳಿ ನಮ್ಮ ಮುಖ ನೋಡುತ್ತಾರೆ. ಅಭಿನಂದಿಸಬೇಕೋ ಸಂತಾಪ ಹೇಳಬೇಕೋ ತಿಳಿಯದೆ ನಾನು ಬಹಳ ದಿನ ಎರಡಕ್ಕೂ ಸಲ್ಲುವಂತೆ ತಲೆಯಾಡಿಸಿದ್ದೇನೆ.

ಇವರು ಬ್ಯಾಂಕಿನಲ್ಲಿ ಚೀಫ್ ಮ್ಯಾನೇಜರಾಗಿ ರಿಟೈರಾದವರು. ಕ್ಲರ್ಕಾಗಿ ಸೇರಿದ ದಿನದಿಂದ ಸೆಂಡಾಫಿನ ಹಾರ ಬೀಳುವ ತನಕ ಮೇಲಿನ ಆಫೀಸು ಇವರಿಗೆ ಟಾರ್ಗೆಟ್ ಕೊಡುತ್ತಲೇ ಇತ್ತು. ಠೇವಣಿ ಇಷ್ಟು, ಸಾಲ ಇಷ್ಟು, ವಸೂಲಿ ಇಷ್ಟು. ಮಾರ್ಚ್ 31ರ ರಾತ್ರಿ ಮನೆಯಲ್ಲಿ ಊಟ ಮಾಡಿದ ನೆನಪೇ ಅವರಿಗಿಲ್ಲ. ಹೀಗಿದ್ದವರನ್ನು ರಿಟೈರಾದ ಮೊದಲ ಏಪ್ರಿಲ್‌ನಲ್ಲಿ ಯಾರೂ ಏನನ್ನೂ ಕೇಳಲಿಲ್ಲ. ಕೆಲವು ತಿಂಗಳು ಅಸೋಸಿಯೇಷನ್ನಿನ ಲೆಕ್ಕ ಹಿಡಿದು ಕೂತರು. ಟ್ಯಾಂಕರ್ ನೀರಿನ ರಸೀದಿ, ಜನರೇಟರಿನ ಡೀಸೆಲ್, ತೋಟದ ಗೊಬ್ಬರದ ಚೀಟಿ ಎಲ್ಲಕ್ಕೂ ಕೆಂಪು ಶಾಯಿಯ ಟಿಪ್ಪಣಿ ಬಿತ್ತು. ಜಿಮ್ಮಿಗೆ ರೋಯಿಂಗ್ ಮಷಿನ್ ತರಿಸುವ ಠರಾವನ್ನು ಸಮಿತಿ ಒಂದೇ ಸಭೆಯಲ್ಲಿ ಪಾಸು ಮಾಡಿದ್ದು ವ್ಯಾಯಾಮದ ಮೇಲಿನ ಪ್ರೀತಿಯಿಂದ ಎಂದು ನಾನು ನಂಬುವುದಿಲ್ಲ.

ಮಷಿನ್ನಿನ ಹುಚ್ಚು ಹತ್ತಿಸಿದವಳು ಬಾಸ್ಟನ್ನಿನಲ್ಲಿರುವ ಮಗಳು. ಹತ್ತಿದ ಮೇಲೆ ರಾಯರು ಅದರ ಸ್ಥಳಪುರಾಣವನ್ನೂ ಸಂಪಾದಿಸಿದರು. ಅಮೆರಿಕದ ವರ್ಮಾಂಟ್‌ನಲ್ಲಿ ದೋಣಿಯ ಹುಟ್ಟು ಮಾಡುತ್ತಿದ್ದ ಡ್ರೈಸಿಗ್ಯಾಕರ್ ಸಹೋದರರು ಹಳೇ ಸೈಕಲ್ಲೊಂದನ್ನು ಕೊಟ್ಟಿಗೆಯ ನೆಲಕ್ಕೆ ಮೊಳೆ ಹೊಡೆದು ನಿಲ್ಲಿಸಿ, ಅದರ ಚೈನ್ ಎಳೆದೆಳೆದು ನೋಡಿದ್ದು. 1981ರಲ್ಲಿ ಸೈಕಲ್ ಚಕ್ರದ್ದೇ ಮೊದಲ ಮಾದರಿ ಮಾರಾಟಕ್ಕೆ ಬಂದದ್ದು. ಕಾನ್ಸೆಪ್ಟ್ ಟೂ ಎಂಬ ಹೆಸರು ಲೋಕಪ್ರಸಿದ್ಧವಾದದ್ದು. ಕೇಳಿದವರಿಗೆ ಪುಣ್ಯ ಬರುತ್ತದೆಂಬ ಧಾಟಿಯಲ್ಲೇ ಹೇಳುತ್ತಾರೆ. ನೀರೇ ಇಲ್ಲದ ಕಡೆ ಇದೆಂಥ ದೋಣಿಯಾಟ ಎಂದು ನಾನೊಮ್ಮೆ ಕೆಣಕಿದೆ. ಉತ್ತರ ಸಿದ್ಧವಿತ್ತು. ನಾಸಿಕ ಜಿಲ್ಲೆಯ ಬರದ ಹಳ್ಳಿಯಲ್ಲಿ ಹುಟ್ಟಿ, ಸೈನ್ಯ ಸೇರಿದ ಮೇಲೆ ದೋಣಿ ಹತ್ತಿದ ದತ್ತು ಭೋಕನಳ್ 2016ರ ರಿಯೋ ಒಲಿಂಪಿಕ್ಸಿನಲ್ಲಿ ಒಂಟಿ ದೋಣಿಯ ಸ್ಪರ್ಧೆಯಲ್ಲಿ 13ನೆಯ ಸ್ಥಾನಕ್ಕೆ ಬಂದದ್ದು ನಿಮಗೆ ಗೊತ್ತೇನ್ರಿ ಮೇಷ್ಟ್ರೇ? ಗೊತ್ತಿರಲಿಲ್ಲ. ಆಮೇಲೆ ಕೆಣಕಿಲ್ಲ.

ಇಷ್ಟೆಲ್ಲ ಸಹಿಸಬಹುದು. ಮಷಿನ್ನಿನ ಪಕ್ಕದ ಗಾಳಿಯ ಸನ್ನೆಕೋಲನ್ನು ಹತ್ತಕ್ಕೆ ಏರಿಸಿ ಮೀಸೆ ತಿರುವುವ ಹುಡುಗರನ್ನು ನಿಲ್ಲಿಸಿ, "ಅದು ಬರೀ ಸೈಕಲ್ ಗೇರಪ್ಪಾ, ಶಕ್ತಿ ಕಾಲಲ್ಲಿರಬೇಕು, ನಾಲ್ಕಕ್ಕೆ ಇಡು" ಎಂದು ಪಾಠ ಹೇಳುವುದನ್ನೂ ಸಹಿಸಬಹುದು, ಏಕೆಂದರೆ ಅದು ಸರಿಯಾದ ಪಾಠ. ಸಹಿಸಲಾಗದ್ದು ಅವರ ನಿಧಾನದ ದಿನಗಳು.

ರಾಯರ ವಾರದಲ್ಲಿ ಎರಡು ಬಗೆಯ ದಿನಗಳಿವೆ. ಒಂದು ಬಿರುಸಿನ ದಿನ: 500 ಮೀಟರಿನ ಎಂಟು ಕಂತು, ನಡುವೆ ಮೂರೂವರೆ ನಿಮಿಷ ವಿರಾಮ, ಇಲ್ಲವೇ 1000 ಮೀಟರಿನ ನಾಲ್ಕು ಕಂತು, ನಡುವೆ ಐದು ನಿಮಿಷ. ಆವತ್ತು ಅವರ ಬಾಯಿಂದ ಏದುಸಿರು ಬಿಟ್ಟರೆ ಬೇರೇನೂ ಹೊರಡುವುದಿಲ್ಲ, ಜಿಮ್ಮು ಶಾಂತವಾಗಿರುತ್ತದೆ. ಇನ್ನೊಂದು ನಿಧಾನದ ದಿನ. ನಿಮಿಷಕ್ಕೆ ಹದಿನೆಂಟೋ ಇಪ್ಪತ್ತೋ ಎಳೆತ, ಮುಕ್ಕಾಲು ಗಂಟೆ. ವೇಗ ಬೇಕಾದವನು ಬಹುಪಾಲು ದಿನ ನಿಧಾನವಾಗಿಯೇ ಎಳೆಯಬೇಕು, ಆಗಲೇ ದಮ್ಮು ಕೂಡುವುದು ಎಂಬುದು ಆ ವಿದ್ಯೆಯ ಒಳಗುಟ್ಟು. ನಿಧಾನವೆಂದರೆ ಎಷ್ಟು ನಿಧಾನ? ಎಳೆಯುತ್ತಲೇ ಪೂರ್ತಿ ವಾಕ್ಯಗಳಲ್ಲಿ ಮಾತಾಡಲು ಆಗುವಷ್ಟು. ಈ ಒರೆಗಲ್ಲನ್ನು ಬೇರೆಯವರು ಮನಸ್ಸಿನಲ್ಲೇ ಉಜ್ಜಿಕೊಂಡು ಸುಮ್ಮನಾಗುತ್ತಾರೆ. ರಾಯರು ಆಡಿಟ್ ಕಂಡವರು. ತಮ್ಮ ಕೈಬರಹಕ್ಕೆ ತಾವೇ ಸಾಕ್ಷಿ ಹಾಕುವವರಲ್ಲ. ಎದುರಿಗೆ ಕೇಳುವವನೊಬ್ಬ ಇರಲೇಬೇಕು. ಪಕ್ಕದ ಸೈಕಲ್ಲಿನಲ್ಲಿ ನಾನಿರುತ್ತೇನೆ.

ಜಾರುವ ಸೀಟಿನಿಂದ ಬರುವ ಕನ್ನಡವನ್ನು ನೀವು ಕೇಳಬೇಕು. ಕರ್ತೃಪದ ಹೇಳುವಾಗ ರಾಯರು ನನ್ನ ಮೊಣಕಾಲಿನ ಹತ್ತಿರ ಇರುತ್ತಾರೆ, ಕರ್ಮಪದ ಬರುವಾಗ ಹಿಂದಕ್ಕೆ ಹೋಗಿರುತ್ತಾರೆ, ಕ್ರಿಯಾಪದ ಮುಂದಿನ ಎಳೆತಕ್ಕೆ. ನಡುನಡುವೆ ಚಕ್ರದ ಸುಂಯ್ ಎಂಬ ಗಾಳಿ. "ಗಂಗಾವತಿ ಬ್ರಾಂಚಲ್ಲಿ…" ಸುಂಯ್. "…ಇದ್ದಾಗ ಮೇಷ್ಟ್ರೇ, ಭಾನುವಾರ…" ಸುಂಯ್. ಭಾನುವಾರ ಏನಾಯಿತೆಂದು ತಿಳಿಯಲು ಐವತ್ತು ಮೀಟರಾದರೂ ಕಾಯಬೇಕು. ನಾನು ಹೂಂಗುಟ್ಟದೆ ಸುಮ್ಮನಿದ್ದರೆ ಮಾತು ಸ್ಪಷ್ಟವಾಗಿ ಮುಟ್ಟಲಿಲ್ಲ, ಅಂದರೆ ಉಸಿರು ಸಾಲುತ್ತಿಲ್ಲ, ಅಂದರೆ ವೇಗ ಹೆಚ್ಚಾಗಿದೆ ಎಂದು ತೀರ್ಮಾನಿಸಿ ಇನ್ನಷ್ಟು ನಿಧಾನ ಮಾಡಿ ಅದೇ ವಾಕ್ಯವನ್ನು ಮೊದಲಿನಿಂದ ಹೇಳುತ್ತಾರೆ. ಅಜ್ಜಿಯ ಕತೆಗೆ ಹೂಂಗುಟ್ಟಿದ್ದಕ್ಕಿಂತ ಹೆಚ್ಚು ಶ್ರದ್ಧೆಯಿಂದ ನಾನು ರಾಯರ ಹೃದಯ ಬಡಿತಕ್ಕೆ ಹೂಂಗುಟ್ಟಿದ್ದೇನೆ. ಬ್ಲಾಕಿನವರು ಅವರ ವಾರದ ಪಟ್ಟಿಯನ್ನು ಗುಟ್ಟಾಗಿ ನೋಡಿಕೊಂಡು, ಬಿರುಸಿನ ದಿನವಾದರೆ ಮಾತ್ರ ಜಿಮ್ಮಿಗೆ ಇಳಿಯುತ್ತಾರೆಂದು ನನಗೆ ಬಹಳ ತಡವಾಗಿ ಗೊತ್ತಾಯಿತು.

ಆದರೂ ಗಂಗಾವತಿಯ ಭಾನುವಾರದ ಕತೆ ಚೆನ್ನಾಗಿತ್ತು. ಹೊಸದಾಗಿ ಮದುವೆಯಾದವರು ಹಂಪಿ ನೋಡಲು ಆನೆಗುಂದಿಯಿಂದ ಹರಿಗೋಲು ಹತ್ತಿದ್ದಾರೆ. ಜನ ತುಂಬುವ ತನಕ ಅಂಬಿಗ ದಡ ಬಿಡಲೊಲ್ಲ. "ಅವನಿಗೂ ಟಾರ್ಗೆಟ್ ಇತ್ತು ಮೇಷ್ಟ್ರೇ!" ನಡುಹೊಳೆಯಲ್ಲಿ ರಾಯರು ಹೆಂಡತಿಗೆ ತೋರಿಸಲೆಂದು ಹುಟ್ಟು ಇಸಕೊಂಡರು. ಹರಿಗೋಲು ಇದ್ದಲ್ಲೇ ಗಿರಗಿರ ತಿರುಗಿತು. ಅಂಬಿಗ ಹುಟ್ಟು ಕಸಿದುಕೊಂಡ. "ಆವತ್ತು ನಗೋಕೆ ಶುರು ಮಾಡಿದೋಳು ಇನ್ನೂ ನಿಲ್ಲಿಸಿಲ್ಲ" ಎಂದರು. ಆ ವಾಕ್ಯವನ್ನು ಮಾತ್ರ ಒಂದೇ ಎಳೆತದಲ್ಲಿ ಮುಗಿಸಿದರು.

ಇನ್ನು ಗುರಿ. ರಾಯರ ಎಕ್ಸೆಲ್ ಹಾಳೆಯ ತಲೆಯಲ್ಲಿ "ಇಂಡಸ್ಟ್ರಿ ಬೆಸ್ಟ್" ಎಂಬ ಅಂಕಣವಿದೆ. ಅಲ್ಲಿ ಆಸ್ಟ್ರೇಲಿಯಾದ ಜೋಶ್ ಡಂಕ್ಲಿ-ಸ್ಮಿತ್ 2018ರಲ್ಲಿ ಎರಡು ಸಾವಿರ ಮೀಟರನ್ನು 5 ನಿಮಿಷ 35.8 ಸೆಕೆಂಡಿನಲ್ಲಿ ಎಳೆದದ್ದು ದಾಖಲಾಗಿದೆ. ಅದರ ಕೆಳಗೆ "ನಮ್ಮ ಬ್ರಾಂಚ್": 9 ನಿಮಿಷ 20 ಸೆಕೆಂಡು. ಗುರಿ, 9 ನಿಮಿಷ. ಇಪ್ಪತ್ತೇ ಸೆಕೆಂಡು ತಾನೆ ಎಂದುಕೊಂಡರೆ ಅಲ್ಲೇ ಮೋಸ. ವೇಗ ಹೆಚ್ಚಿದಂತೆ ಬೇಕಾಗುವ ಶಕ್ತಿ ಅದರ ಘನಕ್ಕೆ ತಕ್ಕಂತೆ ಏರುತ್ತದೆ. ಎರಡೂವರೆ ನಿಮಿಷದ ಸ್ಪ್ಲಿಟ್‌ಗೆ 104 ವ್ಯಾಟ್ ಸಾಕು, ಎರಡು ನಿಮಿಷದ್ದಕ್ಕೆ 202 ಬೇಕು. ರಾಯರ ಇಪ್ಪತ್ತು ಸೆಕೆಂಡಿನ ಬೆಲೆ ಸುಮಾರು ಹದಿನೈದು ವ್ಯಾಟ್, ಅದನ್ನೂ ಒಂಬತ್ತು ನಿಮಿಷ ಬಿಡದೆ ಕೊಡಬೇಕು. "ಚಕ್ರಬಡ್ಡಿ ಮೇಷ್ಟ್ರೇ, ಈ ಸಲ ನಾನು ಸಾಲಗಾರ."

ಪರೀಕ್ಷೆಯ ಸಂಜೆ ಸಾಕ್ಷಿಗೆ ನಾನೇ. ಕನ್ನಡಕ ಬೆವರಿಗೆ ಜಾರುತ್ತದೆ, ಅದಿಲ್ಲದಿದ್ದರೆ ಮಾನಿಟರಿನ ಅಂಕಿ ಕಾಣದು. ಆದ್ದರಿಂದ ನೂರು ನೂರು ಮೀಟರಿಗೆ ಸ್ಪ್ಲಿಟ್ ಓದಿ ಹೇಳುವುದು ನನ್ನ ಕೆಲಸ. ಮೊದಲ ಐನೂರು 2:16, ಆಮೇಲೆ 2:15, 2:15, ಕೊನೆಗೆ 2:14 ಎಂದು ಯೋಜನೆ ಬರೆದು ಗೋಡೆಗೆ ಅಂಟಿಸಿದ್ದರು. ಬರೆಯುವುದು ಸುಲಭ. ಕಾಲು ತಾಜಾ ಇರುವಾಗ ಮೊದಲ ಐನೂರು ಯಾರಿಗೂ ಭಾರ ಅನ್ನಿಸುವುದಿಲ್ಲ. ರಾಯರು 2:05ರಲ್ಲಿ ಹಾರಿದರು. "ಕಡಿಮೆ ಮಾಡಿ ರಾಯರೇ" ಎಂದೆ. ಚೀಫ್ ಮ್ಯಾನೇಜರಿಗೆ ಅಂಥ ಮಾತು ಕೇಳಿಯೇ ಗೊತ್ತಿಲ್ಲ. ಸಾವಿರ ಮೀಟರ್ ದಾಟುತ್ತಿದ್ದಂತೆ ಅವರ ಬೆನ್ನು ಕುಸಿಯಿತು. ಅದೇ ಹೊತ್ತಿಗೆ ಕರೆಂಟೂ ಹೋಯಿತು.

ಟ್ರೆಡ್‌ಮಿಲ್ಲುಗಳು ನಿಂತವು, ಅದರ ಮೇಲಿದ್ದವರು ಕಂಬಿ ಹಿಡಿದು ಕೂಗಿದರು. ರಾಯರ ಮಷಿನ್ ನಿಲ್ಲಲಿಲ್ಲ. ಅದರ ಮಾನಿಟರು ಎಳೆಯುವವನೇ ತಿರುಗಿಸುವ ಚಕ್ರದಿಂದ ವಿದ್ಯುತ್ ಪಡೆಯುತ್ತದೆ. ಎಳೆಯುವ ತನಕ ಅಂಕಿ ಕಾಣುತ್ತದೆ. ಕತ್ತಲ ಬೇಸ್‌ಮೆಂಟಿನಲ್ಲಿ ಅದೊಂದೇ ಬೆಳಕು, ಅದರಲ್ಲಿ 2:24. ನಾನು ಓದಿದೆ. "ನಿಜ ಹೇಳಿ…" ಸುಂಯ್. "…ಕನ್ಸೆಷನ್ ಬೇಡ." ಇದ್ದದ್ದನ್ನೇ ಮತ್ತೆ ಓದಿದೆ. ಅಷ್ಟರಲ್ಲಿ ನನ್ನ ಗಂಟಲೂ ಒಣಗಿತ್ತು, ಯಾವಾಗಲೋ ಕೂಗಲು ಶುರು ಮಾಡಿದ್ದೆ. ಒಬ್ಬ ಹುಡುಗ ಕತ್ತಲಲ್ಲೇ "ಎಳೀರಿ ಅಂಕಲ್" ಎಂದ, ಆಮೇಲೆ ಎಲ್ಲರೂ ಎಂದರು. ಕಡೆಯ ಐನೂರು ಎಲ್ಲಿಂದ ಬಂತೋ, 2:19.

ಜನರೇಟರು ಎಚ್ಚರಗೊಂಡು ದೀಪ ಬಂದಾಗ ರಾಯರು ಮಷಿನ್ನಿನ ಪಕ್ಕ ನೆಲದ ಮೇಲೆ ಅಂಗಾತ ಬಿದ್ದಿದ್ದರು. ಸೆಕ್ಯುರಿಟಿಯವನು ನೀರು ತಂದ. ನಾಲ್ಕನೇ ಮಹಡಿಯ ಡಾಕ್ಟರಮ್ಮ ಮಣಿಕಟ್ಟು ಹಿಡಿದು ಗಡಿಯಾರ ನೋಡಿದರು. ಎಲ್ಲರೂ ಉಸಿರು ಬಿಗಿಹಿಡಿದಿದ್ದಾಗ ರಾಯರು ಒಂದು ಬೆರಳು ಎತ್ತಿ, "ಫೋಟೋ ತಗೊಳ್ಳಿ, ಸ್ಕ್ರೀನ್ ಆರಿಹೋಗತ್ತೆ" ಎಂದರು.

9 ನಿಮಿಷ 4.2 ಸೆಕೆಂಡು. ಮಾರನೆಯ ದಿನ ಲಿಫ್ಟಿನಲ್ಲಿ ಸಂತಾಪದ ತಲೆ ಹೊತ್ತು ನಿಂತಿದ್ದೆ. ಅವರ ಮುಖ ಹೊಳೆಯುತ್ತಿತ್ತು. "ಶಾರ್ಟ್‌ಫಾಲ್ ಸೊನ್ನೆ ಪಾಯಿಂಟ್ ಎಂಟು ಪರ್ಸೆಂಟ್. ಇಷ್ಟಕ್ಕೆ ಯಾವ ಝೋನಲ್ ಮ್ಯಾನೇಜರೂ ಮೆಮೋ ಕೊಡಲ್ಲ." ಹೊಸ ಗುರಿ ಒಂಬತ್ತು ನಿಮಿಷವಲ್ಲವಂತೆ, 9 ನಿಮಿಷ 2 ಸೆಕೆಂಡು. ಅದಕ್ಕಿಂತ ಮುಖ್ಯವಾಗಿ, ಮೊದಲ ಐನೂರನ್ನು 2:16ಕ್ಕಿಂತ ಬೇಗ ಎಳೆದರೆ ತಮಗೆ ತಾವೇ ದಂಡ ಹಾಕಿಕೊಳ್ಳುತ್ತಾರಂತೆ. ಇಷ್ಟು ವರ್ಷ ಕಡಿಮೆ ಮಾಡಿದರೆ ಬೈಸಿಕೊಂಡ ಮನುಷ್ಯ ಹೆಚ್ಚು ಮಾಡಿದ್ದಕ್ಕೆ ದಂಡ ಕಟ್ಟಲು ಕಲಿಯುತ್ತಿದ್ದಾರೆ. ಅದು ಸಣ್ಣ ವಿದ್ಯೆಯಲ್ಲ.

ಅಂಕಿಗಳೆಲ್ಲ ಆ ರಾತ್ರಿಯೇ ಬಾಸ್ಟನ್ನಿಗೆ ಹೋಗಿದ್ದವು. ಅವರ ಮನೆಯವರು ಕಾಫಿ ಕೊಡುತ್ತಾ ಹೇಳಿದರು: ಮೊದಲೆಲ್ಲ ಫೋನಿನಲ್ಲಿ ಅಪ್ಪ-ಮಗಳ ಮಾತು "ಊಟ ಆಯ್ತಾ", "ಅಮ್ಮಂಗೆ ಕೊಡ್ತೀನಿ ಇರು" ಎಂಬಲ್ಲಿಗೆ ಮುಗಿಯುತ್ತಿತ್ತಂತೆ. ಈಗ ಮೊದಲ ಐನೂರಿನ ವಿಷಯಕ್ಕೆ ಅರ್ಧ ಗಂಟೆ ಜಗಳ, ಅಮ್ಮನ ಕೈಗೆ ಫೋನೇ ಬರುವುದಿಲ್ಲ. ನಾವು ಆ ತಲೆಮಾರಿನ ಗಂಡಸರು ಮಕ್ಕಳ ಹತ್ತಿರ ಮಾತಾಡಲು ಯಾವುದಾದರೊಂದು ಲೆಕ್ಕ ಬೇಕಾಗುವವರು, ಮೊದಲು ಮಾರ್ಕ್ಸ್ ಕಾರ್ಡ್ ಇತ್ತು, ಅದು ಮುಗಿದ ಮೇಲೆ… ಇರಲಿ, ನಾನು ಹಾಸ್ಯ ಬರೆಯಲು ಕೂತಿದ್ದೆ.

ಮಗಳಿರುವ ಬಾಸ್ಟನ್ನಿನಲ್ಲೇ ಕ್ರ್ಯಾಶ್-ಬಿ ಎಂಬ ರೋಯಿಂಗ್ ಮಷಿನ್ ಪಂದ್ಯವಿದೆಯಂತೆ. ಅದನ್ನು ಶುರು ಮಾಡಿದವರು ತಮ್ಮನ್ನು ಚಾರ್ಲ್ಸ್ ನದಿಯ ಮಾಜಿ ಮಹಾರಥರೆಂದು ಕರೆದುಕೊಂಡಿದ್ದರು. ಗೆದ್ದವರಿಗೆ ಕಪ್ಪು ಗಿಪ್ಪು ಇಲ್ಲ, ಸುತ್ತಿಗೆ ಕೊಡುತ್ತಾರೆ. ಮುಂದಿನ ಸಲ ಮಗಳ ಮನೆಗೆ ಹೋದಾಗ ಅರವತ್ತು ದಾಟಿದವರ ಪಂಗಡದಲ್ಲಿ ಹೆಸರು ಕೊಡುವ ಆಸೆ ರಾಯರಿಗಿದೆ. "ಸುತ್ತಿಗೆ ಮನೇಲೇ ಇದೆ, ದೇವರ ಪಟಕ್ಕೆ ಒಂದು ಮೊಳೆ ಹೊಡೀರಿ ಅಂತ ಗೃಹಪ್ರವೇಶದಿಂದ ಹೇಳ್ತಿದ್ದೀನಿ" ಎಂದರು ಅವರ ಮನೆಯವರು. ರಾಯರು ಕೇಳಿಸಲಿಲ್ಲವೆಂಬಂತೆ ಲ್ಯಾಪ್‌ಟಾಪ್ ನನ್ನ ಕಡೆ ತಿರುಗಿಸಿದರು. "ನಮ್ಮ ಬ್ರಾಂಚ್" ಸಾಲಿನ ಕೆಳಗೆ ಇನ್ನೊಂದು ಸಾಲು ಹುಟ್ಟಿಕೊಂಡಿತ್ತು: "ಎಕ್ಸ್‌ಟೆನ್ಷನ್ ಕೌಂಟರ್ – ಮೇಷ್ಟ್ರು. 10 ನಿಮಿಷ 30 ಸೆಕೆಂಡು. ಮಾರ್ಚ್ 31."

"ಇದೆಂಥ ಅನ್ಯಾಯ ರಾಯರೇ, ನಾನು ಆ ಮಷಿನ್ನಿನ ಮೇಲೆ ಕೂತಿದ್ದೇ ಆವತ್ತು ಸೈಕಲ್ ಖಾಲಿ ಇರಲಿಲ್ಲ ಅಂತ."

"ಕೂತು ಎರಡು ನಲವತ್ತೆರಡು ಎಳೆದಿದ್ದೀರಿ. ನೋಡಿದೀನಿ."

"ಎರಡು ನಲವತ್ತೊಂದು ಪಾಯಿಂಟ್ ಆರು" ಎಂದೆ.

ರಾಯರು ತಿದ್ದಿಕೊಂಡರು. ನಾನು ಹತ್ತು ನಲವತ್ತಕ್ಕೆ ಚೌಕಾಶಿ ಶುರು ಮಾಡಿದೆ. ಕಾನ್ಸೆಪ್ಟ್ ಟೂ ಕಂಪನಿಯವರ ವರ್ಷ ಮುಗಿಯುವುದೇ ಏಪ್ರಿಲ್ 30ಕ್ಕೆ, ನೀವೇ ಹೇಳಿದ್ದು ಎಂದು ವಾದಿಸಿದೆ. ಕೊನೆಗೆ ಒಂದು ತಿಂಗಳ ಗಡುವು ಸಿಕ್ಕಿತು, ಸೆಕೆಂಡಿನಲ್ಲಿ ಒಂದೂ ಬಿಡಲಿಲ್ಲ. ಕಾಫಿ ಲೋಟ ತೆಗೆದುಕೊಳ್ಳಲು ಬಂದ ಅವರ ಮನೆಯವರು ಪರದೆ ನೋಡಿ, "ಇವರನ್ನೂ ಹಿಡಿದು ಹಾಕಿದ್ರಾ?" ಎಂದರು. "ಶ್ಯೂರಿಟಿ ಇಲ್ಲದೆ ಯಾರಿಗೂ ಕೊಡಲ್ಲ" ಎಂದು ರಾಯರು ನನ್ನ ಹೆಂಡತಿಯ ನಂಬರು ಕೇಳಿದರು.