ಯಲಬುರ್ಗಾದ ಜರ್ಮನ್ ಪದಕ

ಹಳೇ ಜರ್ಮನ್ ಶಾಲೆಗಳ ಬಹುಮಾನದ ಪದಕ ಕೂಡಿಡುವ ಹುಚ್ಚು ನನಗೆ. ಇರುವುದು ಕೊಪ್ಪಳದಲ್ಲಿ! ಆದರೂ ಆಸೆಗೊಂದು ಆಧಾರವಿತ್ತು. ಬಾಸೆಲ್ ಮಿಷನ್ನಿನ ಜರ್ಮನ್ ಪಾದ್ರಿಗಳು 1841ರಲ್ಲೇ ಪಕ್ಕದ ಬೆಟಗೇರಿಯಲ್ಲಿ ಠಾಣೆ ಹೂಡಿದ್ದರು. ಒಂದಾದರೂ ಪದಕ ಉರುಳಿಕೊಂಡು ಇತ್ತ ಬಂದಿರಬಾರದೇಕೆ? ಆಗ ಇದು ನಿಜಾಮರ ಸೀಮೆ, ನಿಜ. ಪದಕಕ್ಕೆ ಗಡಿ ಗೊತ್ತೇ?

ಗಂಗಾವತಿಯ ಗುಜರಿ ಅಂಗಡಿಯಲ್ಲಿ ಕೊನೆಗೂ ಒಂದು ಸಿಕ್ಕಿತು. ಮಣ್ಣು ಮೆತ್ತಿ ಕಪ್ಪಾಗಿತ್ತು, ಮೇಲೊಂದು ಮುರುಕು ಕೊಂಡಿ. ಚೌಕಾಸಿ ಮಾಡದೆ ಇನ್ನೂರು ರೂಪಾಯಿ ಕೊಟ್ಟೆ. ಮನೆಗೆ ಬಂದು ಹುಣಸೆಹಣ್ಣು ಹಚ್ಚಿ ತಿಕ್ಕಿದಂತೆ ಒಂದೊಂದೇ ಅಕ್ಷರ ಮೂಡಿತು: ‘ಲಿಂಬೆ-ಚಮಚ ಓಟ, ದ್ವಿತೀಯ, ಯಲಬುರ್ಗಾ.’

ಹಿಂದೆ ನಿಂತಿದ್ದ ಅವ್ವ ಅಂದಳು: “ಜರ್ಮನ್ ಬೇಕಿದ್ರ ಊರೂರು ಯಾಕ ತಿರಗ್ತಿಯೋ? ಅಟ್ಟದ ಮ್ಯಾಲ ನಾಕು ಜರ್ಮನ್ ಬೋಗೋಣಿ ಅದಾವಲ್ಲ, ಇಳಿಸಿ ತಿಕ್ಕು!”